ಕಾರ್ಡಿನ್ಯಾಗ ಯಜಮಾನಿ ನಾನ

ಅಕ್ಕಾರ, ನಮ್ಮ ಮನಿಯವರು ಹಳೇ ಕಾಲದ ಮನುಷ್ಯಾರು. ಸಾಲ ಮಾಡಬಾರದು, ದೀಪ ಹಚ್ಚೋ ಹೊತ್ತಿಗೆ ಎಲ್ಲಾರೂ ಮನ್ಯಾಗ ಇರಬೇಕು ಅಂತಾರ. ಅದು ನನಗೂ ಒಪ್ಪಿಗಿ. ಆದ್ರ 2023ರಾಗ ನಮಗ ಬಸ್ಸು ಪುಕ್ಕಟೆ ಆಗಿ, ಗೃಹಲಕ್ಷ್ಮಿ 2000 ರೂಪಾಯಿ ಬರಾಕ ಹತ್ತಿದ ಮ್ಯಾಲ, "ಬಿಟ್ಟಿ ಕೊಟ್ಟು ಹೆಣ್ಮಕ್ಕಳನ್ನ ಕೆಡಿಸಿದ್ರು" ಅಂತ ದಿನಾ ಗೊಣಗ್ತಾರ. ಮೂವತ್ತು ವರ್ಷ ನಾ ಬಡದ ರೊಟ್ಟಿಗೆ ಕೂಲಿ ಯಾರು ಕೊಟ್ಟಾರ್ರಿ? ಮೊದಲು ಹುಲಿಗೆಮ್ಮನ ಹುಣ್ಣಿಮಿಗೆ ಹೋಗಾಕ ಅವರ ಮುಂದ ಕೈ ಚಾಚ್ತಿದ್ದೆ. ಈಗ ಆಧಾರ್ ಕಾರ್ಡ್ ತೋರಿಸಿ ಬಸ್ಸಿನ್ಯಾಗ ಕುಂದರತೀನಿ. ಕೇಳಲಾರದ ಹೋಗ್ತೀನಂತ ಅವರಿಗೆ ಸಿಟ್ಟು. ರೇಷನ್ ಕಾರ್ಡಿನ್ಯಾಗ ಮನಿ ಹಿರೇ ಹೆಣ್ಮಗಳೇ ಯಜಮಾನಿ ಅಂತ 2013ರ ಆಹಾರ ಭದ್ರತಾ ಕಾಯ್ದೆನ ಹೇಳೇತಿ. ವೋಟಿನ ದಿನ ಅವರು ಹೇಳಿದ್ದು ಕೇಳಿ, ನನಗ ಸರಿ ಕಂಡ ಗುಂಡಿ ಒತ್ತತೀನಿ. ನೀವೂ ಹಂಗ ಮಾಡ್ರವಾ.