ಕೆಲಸಗಾರನ ಉಸಿರಿಗೆ ಕಾವಲು ಯಾವುದು?

ಹಾಸನ ಜಿಲ್ಲೆಯ ಆಲೂಗಡ್ಡೆಗೆ ನಾಡಿನಲ್ಲೆಲ್ಲ ಹೆಸರಿದೆ. ಮಲ್ಲಿಪಟ್ಟಣದ ರೈತನಾಗಲಿ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯ ರೈತನಾಗಲಿ, ಮುಂಗಾರಿಗೆ ಬಿತ್ತುವ ಗಡ್ಡೆ ಬಹುಮಟ್ಟಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರುತ್ತದೆ. ಬಂದದ್ದು ಹಾಸನದ ಕೋಲ್ಡ್ ಸ್ಟೋರೇಜುಗಳಲ್ಲಿ ತಂಪಾಗಿದ್ದು, ಬಿತ್ತನೆಯ ಕಾಲಕ್ಕೆ ರೈತನ ಕೈ ಸೇರುತ್ತದೆ. ದರ ಏರಿದರೆ, ಗಡ್ಡೆ ಕೊಳೆತರೆ, ಊರೆಲ್ಲ ಮಾತಾಡುತ್ತದೆ. ಆದರೆ ಗಡ್ಡೆಯನ್ನು ತಂಪಾಗಿಡುವ ಅನಿಲ ಯಾವುದು, ಅದು ಕೊಳವೆ ಒಡೆದು ಹೊರಬಿದ್ದರೆ ಮೂಟೆ ಹೊರುವ ಹಮಾಲಿಗೂ ಯಂತ್ರ ನೋಡುವ ಆಪರೇಟರನಿಗೂ ಗತಿ ಏನು ಎಂಬ ಮಾತನ್ನು ಎತ್ತುವವರು ವಿರಳ. ಈ ವಾರ ನಾವು ಅದನ್ನು ಎತ್ತಬೇಕೆಂದಿದ್ದೇವೆ.

ನಮ್ಮ ದೇಶದ ಆಲೂಗಡ್ಡೆ ಕೋಲ್ಡ್ ಸ್ಟೋರೇಜುಗಳಲ್ಲಿ ಬಹುಪಾಲು ತಂಪು ಕೊಡುವುದು ಅಮೋನಿಯಾ ಎಂಬ ಅನಿಲ. ಐಸ್ ಕಾರ್ಖಾನೆಗಳಲ್ಲಿಯೂ ದೊಡ್ಡ ಡೈರಿಗಳಲ್ಲಿಯೂ ಇದರದೇ ಬಳಕೆ. ಅಗ್ಗದ ವಸ್ತು, ಕೆಲಸಕ್ಕೆ ಒಳ್ಳೆಯದು. ಕೊಳವೆಯೊಳಗೆ ಇರುವವರೆಗೆ ಅದು ಸೇವಕ; ಹೊರಬಂದರೆ ಕೊಲೆಗಾರ. ನೀರನ್ನು ಕಂಡರೆ ಅದಕ್ಕೆ ಬಹಳ ಮೋಹ. ಆದುದರಿಂದಲೇ ಅದು ಮನುಷ್ಯನ ಮೈಯಲ್ಲಿ ತೇವವಿರುವ ಜಾಗಗಳನ್ನೇ, ಅಂದರೆ ಕಣ್ಣು, ಮೂಗು, ಗಂಟಲು, ಶ್ವಾಸಕೋಶಗಳನ್ನೇ, ಹುಡುಕಿಕೊಂಡು ಹೋಗಿ ಸುಡುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 25 ಪಾಲು ಅಮೋನಿಯಾ ಇದ್ದರೆ ಅದು ಎಂಟು ಗಂಟೆಯ ಪಾಳಿಗೆ ಮಿತಿ ಎಂದು ನಮ್ಮ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿಸಿದ ಪಟ್ಟಿ ಹೇಳಿತ್ತು. 300 ಪಾಲು ಮುಟ್ಟಿದರೆ ಜೀವಕ್ಕೆ ತಕ್ಷಣದ ಅಪಾಯವೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ತಜ್ಞರ ಎಣಿಕೆ.

ಇದೆಲ್ಲ ಪುಸ್ತಕದ ಮಾತೆಂದು ತಳ್ಳಿಹಾಕುವಂತಿಲ್ಲ. 2015ರ ಜೂನ್ ತಿಂಗಳಲ್ಲಿ ಪಂಜಾಬಿನ ಲೂಧಿಯಾನದ ಬಳಿಯ ದೋರಾಹಾದಲ್ಲಿ ಅಮೋನಿಯಾ ತುಂಬಿದ ಟ್ಯಾಂಕರೊಂದು ಮೇಲ್ಸೇತುವೆಯ ಅಡಿ ಸಿಕ್ಕಿಕೊಂಡು ಸೋರಿತು. ಆರು ಮಂದಿ ಸತ್ತರು, ನೂರಕ್ಕೂ ಮೇಲ್ಪಟ್ಟು ಜನ ಆಸ್ಪತ್ರೆ ಸೇರಿದರು. 2020ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಫೂಲ್ಪುರದ ರಸಗೊಬ್ಬರ ಕಾರ್ಖಾನೆಯಲ್ಲಿ ಅಮೋನಿಯಾ ಸೋರಿ ಇಬ್ಬರು ಅಧಿಕಾರಿಗಳು ಪ್ರಾಣ ಬಿಟ್ಟರು. ಓದಿದವರು, ಅನುಭವಿಗಳು ಇರುವ ದೊಡ್ಡ ಕಾರ್ಖಾನೆಯ ಪಾಡೇ ಹೀಗಾದರೆ, ಬೆರಳೆಣಿಕೆಯ ಕೆಲಸಗಾರರಿರುವ ಕೋಲ್ಡ್ ಸ್ಟೋರೇಜಿನ ಪಾಡೇನು?

ಈ ಪ್ರಶ್ನೆಗೆ ಮಾಲೀಕರಿಂದ ಬರುವ ಸಿದ್ಧ ಉತ್ತರ, "ಮಾಸ್ಕ್ ಕೊಟ್ಟಿದ್ದೇವಲ್ಲ" ಎಂಬುದು. ಯಾವ ಮಾಸ್ಕ್ ಎಂದು ಕೇಳುವುದು ಕೆಲಸಗಾರನ ಹಕ್ಕು. ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದ ಬಟ್ಟೆಯ ಮಾಸ್ಕಾಗಲಿ, ಎನ್-95 ಮಾಸ್ಕಾಗಲಿ, ಅಮೋನಿಯಾದ ಮುಂದೆ ಇದ್ದೂ ಇಲ್ಲದಂತೆ. ಅವು ತಡೆಯುವುದು ಧೂಳನ್ನು, ತುಂತುರನ್ನು. ಜರಡಿಯಲ್ಲಿ ನೀರು ನಿಲ್ಲದಂತೆ ಅವುಗಳಲ್ಲಿ ಅನಿಲ ನಿಲ್ಲುವುದಿಲ್ಲ. ಒದ್ದೆ ಬಟ್ಟೆ ಮುಖಕ್ಕೆ ಹಿಡಿದರೆ ಓಡಿ ತಪ್ಪಿಸಿಕೊಳ್ಳಲು ಅಷ್ಟಿಷ್ಟು ಆಸರೆಯಾದೀತು. ಅದನ್ನೇ ಕಟ್ಟಿಕೊಂಡು ಒಳಹೋಗಿ ವಾಲ್ವ್ ತಿರುಗಿಸು ಎನ್ನುವುದು ಸಾಯಲು ಕಳಿಸಿದಂತೆ.

ಅನಿಲವನ್ನು ಹಿಡಿಯುವುದು ಮುಖವಾಡದ ಬಾಯಿಗೆ ತಿರುಪಿ ಹಾಕುವ ಫಿಲ್ಟರ್ ಡಬ್ಬಿ. ಅದರಲ್ಲಿಯೂ ಭೇದವಿದೆ. ಓಕುಳಿ ಕದಡುವಾಗ ಅರಿಶಿನಕ್ಕೆ ಸುಣ್ಣ ಬೆರೆಸಿದರೆ ನೀರು ಕೆಂಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅಮೋನಿಯಾ ಸೋಕಿದರೂ ಒದ್ದೆ ಅರಿಶಿನ ಹಾಗೆಯೇ ಕೆಂಪಾಗುತ್ತದೆ. ಅಂದರೆ ಅಮೋನಿಯಾ ಸುಣ್ಣದ ಜಾತಿಯದು, ಕ್ಷಾರಗುಣದ್ದು. ಕ್ಷಾರವನ್ನು ಕಟ್ಟಿಹಾಕಲು ಹುಳಿ ಗುಣ ಬೇಕು. ಬರಿಯ ಇದ್ದಲು ಪೇಂಟಿನ, ಪೆಟ್ರೋಲಿನ ಆವಿಯನ್ನು ಹೀರೀತು. ಅಮೋನಿಯಾ ಅದಕ್ಕೆ ಸಾಕಷ್ಟು ದಕ್ಕುವುದಿಲ್ಲ. ಆದ್ದರಿಂದ ಅಮೋನಿಯಾ ಡಬ್ಬಿಯ ಇದ್ದಲನ್ನು ಆ ಅನಿಲವನ್ನು ಹಿಡಿದು ನಿಲ್ಲಿಸುವ ಲವಣಗಳಲ್ಲಿ ಅದ್ದಿ ಸಿದ್ಧಪಡಿಸಿರುತ್ತಾರೆ. ಕ್ಲೋರಿನ್ನಿನಂಥ ಅನಿಲಕ್ಕೆಂದು ಮಾಡಿದ ಡಬ್ಬಿಯನ್ನು ನಂಬಿ ಅಮೋನಿಯಾದಲ್ಲಿ ಕಾಲಿಡುವಂತಿಲ್ಲ. ಬೀಗಕ್ಕೆ ತಕ್ಕ ಕೀಲಿ ಬೇಕು.

ಅಕ್ಷರ ಬಾರದವನೂ ಗುರುತಿಸುವಂತೆ ಇದಕ್ಕೆ ಬಣ್ಣದ ಗುರುತಿದೆ. ಯೂರೋಪಿನ ಪದ್ಧತಿಯಲ್ಲಿ ಕಂದು ಪಟ್ಟಿ ದ್ರಾವಕಗಳ ಆವಿಗೆ, ಬೂದು ಪಟ್ಟಿ ಕ್ಲೋರಿನ್ನಿನಂಥವಕ್ಕೆ, ಹಳದಿ ಪಟ್ಟಿ ಗಂಧಕದ ಹೊಗೆಯಂಥ ಆಮ್ಲ ಅನಿಲಗಳಿಗೆ, ಹಸಿರು ಪಟ್ಟಿ ಅಮೋನಿಯಾಕ್ಕೆ. ಹಸಿರಿನ ಜೊತೆಗೆ "ಕೆ" ಎಂಬ ಇಂಗ್ಲಿಷ್ ಅಕ್ಷರವೂ ಇರುತ್ತದೆ. ಅಮೆರಿಕದಲ್ಲಿಯೂ ಅಮೋನಿಯಾಕ್ಕೆ ಹಸಿರೇ ಗುರುತು. ನಾಲ್ಕು ಪಟ್ಟಿಗಳೂ ಇರುವ ಕೂಡುಡಬ್ಬಿಗಳೂ ಉಂಟು. ಏನೇ ಇರಲಿ, ಹಸಿರು ಕಾಣದಿದ್ದರೆ ಆ ಡಬ್ಬಿ ಕೋಲ್ಡ್ ಸ್ಟೋರೇಜಿನ ಕೆಲಸಕ್ಕೆ ಬಾರದು. ಇದೊಂದು ಮಾತನ್ನು ಪ್ರತಿಯೊಬ್ಬ ಕೆಲಸಗಾರನೂ ನೆನಪಿನಲ್ಲಿಡಬೇಕು.

ಹಸಿರು ಪಟ್ಟಿ ಕಂಡ ಮಾತ್ರಕ್ಕೆ ನೆಮ್ಮದಿಯಿಂದ ಇರುವಂತೆಯೂ ಇಲ್ಲ. ಡಬ್ಬಿಯ ಮೇಲೆ ಅವಧಿ ಮುಗಿಯುವ ತಾರೀಖು ಇರುತ್ತದೆ. ಅದು ಕಳೆದಿದ್ದರೆ ಎಸೆಯಬೇಕು. ಒಮ್ಮೆ ಸೀಲು ಒಡೆದರೆ ಅದು ಗಾಳಿಯ ತೇವವನ್ನು ಹೀರಿ ಸತ್ವ ಕಳೆದುಕೊಳ್ಳುತ್ತ ಹೋಗುತ್ತದೆ. ಮೂಗು ಬಾಯಿ ಮಾತ್ರ ಮುಚ್ಚುವ ಮುಖವಾಡ ಸಾಲದು, ಕಣ್ಣನ್ನೂ ಮುಚ್ಚುವ ಪೂರ್ಣ ಮುಖವಾಡ ಬೇಕು. ಗಡ್ಡ ಬಿಟ್ಟಿದ್ದರೆ ಅದರ ಅಂಚು ಮುಖಕ್ಕೆ ಅಂಟದೆ ಸಂದಿಯಲ್ಲಿ ಅನಿಲ ನುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಡಬ್ಬಿ ಗಾಳಿಯನ್ನು ಸೋಸುತ್ತದೆಯೇ ಹೊರತು ಗಾಳಿಯನ್ನು ಹುಟ್ಟಿಸುವುದಿಲ್ಲ. ಅನಿಲ ದಟ್ಟವಾಗಿ ಮಂಜಿನಂತೆ ಕವಿದ ಕೋಣೆಗೆ ಬೆನ್ನಿನ ಮೇಲೆ ಗಾಳಿಯ ಸಿಲಿಂಡರು ಹೊತ್ತು, ಅದರಲ್ಲಿ ತರಬೇತಿ ಪಡೆದವನು ಮಾತ್ರ ಹೋಗಬೇಕು. ಉಳಿದವರು ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ದೂರ ಹೋಗಿ ಅಗ್ನಿಶಾಮಕ ದಳಕ್ಕೆ ಸುದ್ದಿ ಮುಟ್ಟಿಸಬೇಕು.

ಕಾನೂನು ಏನು ಹೇಳುತ್ತದೆ? ವಿದ್ಯುತ್ ಬಳಸುವ ಕಡೆ ಹತ್ತು ಮಂದಿ ಕೆಲಸಗಾರರಿದ್ದರೆ 1948ರ ಕಾರ್ಖಾನೆ ಕಾಯ್ದೆ ಅದನ್ನು ಕಾರ್ಖಾನೆ ಎನ್ನುತ್ತಿತ್ತು. ಕೋಲ್ಡ್ ಸ್ಟೋರೇಜೂ ಅದರ ಲೆಕ್ಕದಲ್ಲಿತ್ತು. 1984ರ ಭೋಪಾಲದ ಘೋರ ದುರಂತದ ತರುವಾಯ, 1987ರಲ್ಲಿ, ಅಪಾಯದ ಕೆಲಸಗಳ ಬಗ್ಗೆ ಅದಕ್ಕೆ ಬಿಗಿಯಾದ ಅಧ್ಯಾಯವೊಂದು ಸೇರಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ಕಾರ್ಖಾನೆ ಎನಿಸಿಕೊಳ್ಳಲು ಈಗ ಹತ್ತಲ್ಲ, ಇಪ್ಪತ್ತು ಮಂದಿ ಬೇಕು. ಸುರಕ್ಷತಾ ಅಧಿಕಾರಿಯನ್ನು ಇಡಲೇಬೇಕೆಂಬ ಕಟ್ಟಳೆ ನೂರಾರು ಮಂದಿಯಿರುವ ಕಾರ್ಖಾನೆಗಳಿಗೆ ಮಾತ್ರ. ಅನಿಲಕ್ಕೆ ಈ ಲೆಕ್ಕ ಗೊತ್ತೆ? ಹತ್ತೊಂಬತ್ತು ಜನರಿರುವ ಕಡೆ ಅದು ಮೆಲ್ಲಗೆ ಸುಡುತ್ತದೆಯೆ?

ಆದರೂ ಕೈ ಚೆಲ್ಲಬೇಕಾಗಿಲ್ಲ. ಹತ್ತು ಕೆಲಸಗಾರರಿರುವ ಕಡೆ ಕೆಲಸದ ಜಾಗವನ್ನು ಸುರಕ್ಷಿತವಾಗಿಡುವ ಹೊಣೆಯನ್ನು ಸಂಹಿತೆ ಮಾಲೀಕನ ಮೇಲೆಯೇ ಹೊರಿಸಿದೆ. ಸುರಕ್ಷತೆಗಾಗಿ ಒದಗಿಸಿದ ಯಾವ ವಸ್ತುವಿಗೂ ಕೆಲಸಗಾರನಿಂದ ಕಾಸು ವಸೂಲು ಮಾಡಕೂಡದು. ಗುತ್ತಿಗೆಯ ಹಮಾಲಿಗಳನ್ನು ಹಾಜರಿ ಪುಸ್ತಕದಿಂದ ಹೊರಗಿಟ್ಟು ಲೆಕ್ಕವನ್ನು ಹತ್ತರ ಕೆಳಗೆ ಇಳಿಸುವ ಜಾಣತನ ಎಲ್ಲಿಯಾದರೂ ನಡೆದರೆ, ಅದನ್ನು ಬಯಲಿಗೆಳೆಯುವುದು ಸಂಘದ ಕೆಲಸ.

ನಮ್ಮ ಒತ್ತಾಯ ಇಷ್ಟು. ಕೊಳವೆ, ವಾಲ್ವುಗಳ ದುರಸ್ತಿ ಕಾಲಕಾಲಕ್ಕೆ ಆಗಲಿ. ಮುಖವಾಡ ಕೊನೆಯ ಬೇಲಿಯೇ ಹೊರತು ಮೊದಲನೆಯದಲ್ಲ. ಹಸಿರು ಪಟ್ಟಿಯ ಡಬ್ಬಿಯುಳ್ಳ ಪೂರ್ಣ ಮುಖವಾಡಗಳು ಯಂತ್ರದ ಕೋಣೆಯ ಹೊರಗೆ, ಕೈಗೆಟಕುವಲ್ಲಿ ಇರಲಿ. ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಮ್ಯಾನೇಜರರ ಜೇಬಿನಲ್ಲಿಟ್ಟರೆ ಏನು ಫಲ? ಡಬ್ಬಿಗಳ ತಾರೀಖನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಲಿ. ಗಾಳಿಯ ಸಿಲಿಂಡರು ಎರಡಾದರೂ ಇರಲಿ, ಒಳಹೋದವನನ್ನು ಹೊರತರಲು ಇನ್ನೊಬ್ಬ ಬೇಕಲ್ಲವೆ? ಕಣ್ಣು ತೊಳೆಯಲು ಧಾರಾಳ ನೀರು ಇರಲಿ. ಹಮಾಲಿಗಳನ್ನೂ ಸೇರಿಸಿ, ಬಿತ್ತನೆ ಗಡ್ಡೆ ಬರುವ ಮುಂಚೆಯೇ ತಾಲೀಮು ನಡೆಯಲಿ. ಕಾರ್ಖಾನೆಗಳ ಇಲಾಖೆಯವರು ಕಾಗದ ನೋಡಿ ತೃಪ್ತರಾಗದೆ ಡಬ್ಬಿಯನ್ನೇ ಕೈಯಲ್ಲಿ ಹಿಡಿದು ನೋಡಲಿ.

ಮಂಡಿಯ ಸಣ್ಣ ವರ್ತಕರಲ್ಲಿ ಒಂದು ಮಾತು. ಅಮೋನಿಯಾ ತಾಗಿದ ಗಡ್ಡೆಯ ಮೇಲೆ ಕಪ್ಪು ಕಲೆ ಬೀಳುತ್ತದೆ. ಕೆಲಸಗಾರನ ಎದೆ ಸುಡುವ ಅನಿಲವೇ ನಿಮ್ಮ ದಾಸ್ತಾನನ್ನೂ ಕೆಡಿಸುತ್ತದೆ. ಬಾಡಿಗೆ ಕೊಟ್ಟು ಮೂಟೆ ಇಡುವ ಮುನ್ನ ಹಸಿರು ಪಟ್ಟಿಯ ಡಬ್ಬಿ ಎಲ್ಲಿದೆ ತೋರಿಸಿ ಎಂದು ನೀವೂ ಕೇಳಿರಿ. ಗಿರಾಕಿಯ ಮಾತಿಗೆ ಮಾಲೀಕ ಬೇಗ ಕಿವಿಗೊಡುತ್ತಾನೆ.

ಕಾರ್ಮಿಕ ಬಂಧುಗಳೇ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರ ಕಥೆ ನಮ್ಮದಾಗದಿರಲಿ. ನಾಳೆ ಪಾಳಿಗೆ ಹೋದಾಗ ಮುಖವಾಡವನ್ನು ಕೆಳಗಿಳಿಸಿ ನೋಡಿರಿ: ಪಟ್ಟಿ ಹಸಿರೆ, ತಾರೀಖು ಇದೆಯೆ, ಸೀಲು ಗಟ್ಟಿಯೆ? ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ ಒಬ್ಬೊಬ್ಬರೇ ಗೊಣಗದೆ, ಎಲ್ಲರೂ ಸೇರಿ ಲಿಖಿತವಾಗಿ ಕೇಳಿರಿ. ಕೊಟ್ಟ ಅರ್ಜಿಗೆ ರಸೀತಿ ಪಡೆಯಿರಿ.