ರಿಮೋಟ್ ಬಾಗಿಲು: ರಿಪೇರಿಯೋ, ಹೊಸದೋ?

ಮನೆಯಲ್ಲಿ ಒಂದು ಯಂತ್ರ ಕೈಕೊಟ್ಟರೆ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಒಂದು ‘ಹೊಸದು ತಂದುಬಿಡೋಣ’ ಪಕ್ಷ, ಇನ್ನೊಂದು ‘ರಿಪೇರಿ ಮಾಡಿಸೋಣ’ ಪಕ್ಷ. ಮಿಕ್ಸಿ ಆಗಲಿ, ಬೋರ್‌ವೆಲ್ ಮೋಟಾರ್ ಆಗಲಿ, ವಾದ ಅದೇ. ಕಳೆದ ತಿಂಗಳು ಸಂಪಿಗೆಯ ನಮ್ಮ ಮನೆಯಲ್ಲಿ ಈ ವಾದ ನಡೆದದ್ದು ಕಾರು ನಿಲ್ಲಿಸುವ ಕೊಠಡಿಯ ರಿಮೋಟ್ ಶಟರ್ ವಿಷಯಕ್ಕೆ.

ಅದು ಬರೀ ಕಾರಿನ ಕೊಠಡಿಯಲ್ಲ. ಮೇಲಿನ ಅಟ್ಟದಲ್ಲಿ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗುತ್ತಿರುತ್ತದೆ. ಸುಲಿದು ಒಡೆದು ಉಂಡೆಕೊಬ್ಬರಿ ತೆಗೆದ ಮೇಲೆ, ಚೀಲಗಳು ತಿಪಟೂರು ಮಾರುಕಟ್ಟೆಗೆ ಹೋಗುವ ತನಕ ಕೆಳಗೆ ಇದೇ ಕೊಠಡಿಯಲ್ಲಿ ಇರುತ್ತವೆ. ಒಂದು ಬೆಳಿಗ್ಗೆ ರಿಮೋಟ್ ಒತ್ತಿದರೆ ಮೋಟಾರು ‘ಗುಂಯ್’ ಎಂದಿತು, ಶಟರ್ ಅಲುಗಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಮಗ, “ಅಪ್ಪಾ, ಹಾಕಿಸಿ ಹದಿನಾಲ್ಕು ವರ್ಷ ಆಯ್ತು. ಎಲ್ಲಾ ಕಿತ್ತು ಹೊಸದು ಹಾಕಿಸಿಬಿಡೋಣ” ಅಂದ. ನನ್ನಾಕೆ, “ಇನ್ನೂ ತುಕ್ಕೇ ಹಿಡಿದಿಲ್ಲ ಕಣೋ. ದುಡ್ಡೇನು ಮರದಲ್ಲಿ ಬಿಡುತ್ತಾ?” ಅಂದಳು. “ನಮ್ಮೂರಲ್ಲಿ ದುಡ್ಡು ಮರದಲ್ಲೇ ತಾನೇ ಅಜ್ಜಿ ಬಿಡೋದು!” ಎಂದು ಮೊಮ್ಮಗ ತೋಟದ ಕಡೆ ಕೈ ತೋರಿಸಿದ. ಎಲ್ಲರೂ ನಕ್ಕರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಯಾವ ಪಕ್ಷಕ್ಕೂ ಮತ ಹಾಕುವ ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಂಡೆ.

ಮಕ್ಕಳೇ, ಮೊದಲು ಕೇಳಬೇಕಾದ ಪ್ರಶ್ನೆ ದುಡ್ಡಿನದಲ್ಲ. ಕಾಯಿಲೆ ಯಾರಿಗೆ ಅನ್ನುವುದು. ಬಾಗಿಲಿಗೋ, ಅದನ್ನು ಎಳೆಯುವ ಮೋಟಾರಿಗೋ? ಇವೆರಡೂ ಬೇರೆ ಬೇರೆ.

ಹಿಂದಿನ ಕಾಲದಲ್ಲಿ ಏತದಿಂದ ನೀರೆತ್ತುತ್ತಿದ್ದರು. ಉದ್ದನೆಯ ಮರದ ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಕಲ್ಲಿನ ಭಾರ. ನೀರಿನ ಭಾರದ ಬಹುಪಾಲನ್ನು ಆ ಕಲ್ಲೇ ಹೊರುತ್ತಿತ್ತು, ಮನುಷ್ಯ ಸ್ವಲ್ಪ ಬಲ ಹಾಕಿದರೆ ಸಾಕಾಗುತ್ತಿತ್ತು. ಅಂಗಡಿ ಬೀದಿಯ ಕೈಶಟರ್‌ಗಳಲ್ಲಿ ಆ ಕಲ್ಲಿನ ಕೆಲಸವನ್ನು ಮೇಲಿನ ಕೊಳವೆಯೊಳಗಿರುವ ಸುರುಳಿ ಸ್ಪ್ರಿಂಗ್ ಮಾಡುತ್ತದೆ. ಅದಕ್ಕೇ ಅಷ್ಟು ಭಾರದ ಕಬ್ಬಿಣವನ್ನು ಅಂಗಡಿಯವರು ಎರಡು ಕೈಯಲ್ಲಿ ಸರ್ರನೆ ಎತ್ತಿಬಿಡುತ್ತಾರೆ. ಸ್ಪ್ರಿಂಗ್ ಇರುವ ರಿಮೋಟ್ ಬಾಗಿಲಿನಲ್ಲೂ ಅಷ್ಟೆ. ಭಾರ ಹೊರುವುದು ಸ್ಪ್ರಿಂಗ್, ದಾರಿ ತೋರಿಸುವುದು ಮೋಟಾರು. ನಮ್ಮದು ಅಂಥದ್ದು.

ಪರೀಕ್ಷೆ ಸುಲಭ, ಆದರೆ ದೊಡ್ಡವರ ಕೆಲಸ. ಬಾಗಿಲು ಪೂರ್ತಿ ಮುಚ್ಚಿರುವಾಗ ಮೋಟಾರಿನ ಹಿಡಿತ ಬಿಡಿಸಿ, ಕೈಯಿಂದ ಅರ್ಧದವರೆಗೆ ಎತ್ತಿ ನೋಡಬೇಕು. ಅಲ್ಲೇ ನಿಂತರೆ ಸ್ಪ್ರಿಂಗ್ ಚೆನ್ನಾಗಿದೆ. ಕೆಳಕ್ಕೆ ಜಾರಿದರೆ ಕಾಯಿಲೆ ಸ್ಪ್ರಿಂಗಿನದು, ಹೊಸ ಮೋಟಾರು ತಂದು ಹಾಕಿದರೂ ಅದೂ ಬೇಗ ಸುಸ್ತಾಗುತ್ತದೆ. ಬಾಗಿಲು ತೆರೆದಿರುವಾಗ ಮಾತ್ರ ಹಿಡಿತ ಬಿಡಿಸಬಾರದು. ಸ್ಪ್ರಿಂಗ್ ತುಂಡಾಗಿದ್ದರೆ ಇಡೀ ಬಾಗಿಲು ಧಡಾರನೆ ಕೆಳಗೆ ಬೀಳುತ್ತದೆ. ಸ್ಪ್ರಿಂಗನ್ನು ಬಿಗಿ ಮಾಡುವ ಸಾಹಸವೂ ಮನೆಯವರಿಗೆ ಬೇಡ. ಅದರಲ್ಲಿ ಅಡಗಿರುವ ಬಲ ಕೈ ಮುರಿಯುವಷ್ಟು ಇರುತ್ತದೆ.

ಇನ್ನು ಸಣ್ಣಪುಟ್ಟ ಕಾಯಿಲೆಗಳು. ಮೋಟಾರು ಗುಂಯ್‌ಗುಟ್ಟಿ ತಿರುಗದಿದ್ದರೆ ಅನೇಕ ಸಲ ಕೆಟ್ಟಿರುವುದು ಕಂಡೆನ್ಸರ್, ಅಂದರೆ ಕೆಪಾಸಿಟರ್. ಫ್ಯಾನಿಗೆ ಬರುವ ಕಾಯಿಲೆಯೇ ಇದಕ್ಕೂ. ಮೋಟಾರು ತಿರುಗಿದ ಸದ್ದು ಬಂದು ಬಾಗಿಲು ಮಾತ್ರ ಕದಲದಿದ್ದರೆ ಒಳಗಿನ ಹಲ್ಲುಚಕ್ರ ಸವೆದಿರಬಹುದು. ಇಳಿಯುತ್ತಾ ಇಳಿಯುತ್ತಾ ತಾನಾಗಿ ಮೇಲಕ್ಕೆ ಹೋದರೆ, ಬಾಗಿಲ ಬದಿಯ ಸೆನ್ಸರ್ ಕಣ್ಣಿಗೆ ಜೇಡರ ಬಲೆಯೋ ಧೂಳೋ ಕಟ್ಟಿರಬಹುದು. ಒಣಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ರಿಮೋಟ್ ಕೆಲಸ ಮಾಡದೆ ಗೋಡೆಯ ಸ್ವಿಚ್ ಕೆಲಸ ಮಾಡಿದರೆ ಮೊದಲು ಬ್ಯಾಟರಿ ನೋಡಿ. ಇವು ಯಾವುದಕ್ಕೂ ಹೊಸ ಯಂತ್ರ ಬೇಡ.

ಸ್ಪ್ರಿಂಗಿಗೂ ಆಯಸ್ಸಿದೆ. ಅಮೆರಿಕದ ಮನೆಗಳ ಗ್ಯಾರೇಜ್ ಬಾಗಿಲಿಗೆ ಹಾಕುವ ಸಾಮಾನ್ಯ ಸ್ಪ್ರಿಂಗನ್ನು ಸುಮಾರು 10,000 ಸಲ ಬಾಗಿಲು ತೆರೆದು ಮುಚ್ಚಲು ಆಗುವಂತೆ ಮಾಡಿರುತ್ತಾರೆ. ನೀವೇ ಲೆಕ್ಕ ಹಾಕಿ. ದಿನಕ್ಕೆ 4 ಸಲವಾದರೆ ವರ್ಷಕ್ಕೆ 1,460. ಏಳು ವರ್ಷ ತುಂಬುವ ಮೊದಲೇ ಆಯಸ್ಸು ಮುಗಿಯುತ್ತದೆ. ದಿನಕ್ಕೆ 2 ಸಲವಾದರೆ ಹದಿಮೂರು ವರ್ಷ ದಾಟುತ್ತದೆ. ಒಂದೇ ದಿನ ಕೊಂಡ ಎರಡು ಬಾಗಿಲುಗಳಲ್ಲಿ ಒಂದು ಮುದುಕನಾಗಿ, ಇನ್ನೊಂದು ಗಟ್ಟಿಯಾಗಿರಬಹುದು. ಯಂತ್ರದ ವಯಸ್ಸನ್ನು ಬರೀ ಕ್ಯಾಲೆಂಡರಿನಲ್ಲಿ ನೋಡಬಾರದು ಅನ್ನುವುದು ಇದಕ್ಕೇ.

ಈಗ ದುಡ್ಡಿನ ಲೆಕ್ಕ. ಬಿ.ಕಾಂ. ತರಗತಿಯಲ್ಲಿ ಇದಕ್ಕೆ ಸವಕಳಿ ಎನ್ನುತ್ತಿದ್ದರು. ಉದಾಹರಣೆಗೆ ಹೊಸ ಯಂತ್ರಕ್ಕೆ ₹20,000 ಆಗುತ್ತದೆ, 10 ವರ್ಷ ಬಾಳುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ ₹2,000 ಬಿತ್ತು. ಹಳೆಯದರ ರಿಪೇರಿಗೆ ₹3,000 ಆಗಿ, ಅದರಿಂದ ಇನ್ನು 2 ವರ್ಷ ನಡೆಯುವಂತಿದ್ದರೆ ವರ್ಷಕ್ಕೆ ₹1,500. ರಿಪೇರಿ ಗೆದ್ದಿತು. ಅದೇ ₹3,000ಕ್ಕೆ ಒಂದೇ ವರ್ಷ ನಡೆಯುವುದಾದರೆ ಹೊಸದೇ ಅಗ್ಗ. ಒಂದೇ ವರ್ಷದಲ್ಲಿ ಎರಡು ಮೂರು ಸಲ ಮೆಕ್ಯಾನಿಕ್ ಬಂದುಹೋದರೆ ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ತಿಳಿಯಿರಿ. ಇಲ್ಲಿ ಒಂದು ಮಾತು. “ಹೋದ ವರ್ಷ ತಾನೇ ಅಷ್ಟು ಖರ್ಚು ಮಾಡಿದ್ದೀವಿ” ಎಂಬುದನ್ನು ಈ ಲೆಕ್ಕಕ್ಕೆ ತರಬಾರದು. ಆ ದುಡ್ಡು ಹೋಯಿತು. ರಿಪೇರಿ ಮಾಡಿಸಿದರೂ, ಹೊಸದು ಕೊಂಡರೂ ವಾಪಸ್ ಬರುವುದಿಲ್ಲ.

ನಮ್ಮ ಶಟರ್ ವಿಷಯಕ್ಕೆ ಬರೋಣ. ಎಲೆಕ್ಟ್ರಿಷಿಯನ್ ಬಂದು ಕೆಪಾಸಿಟರ್ ಬದಲಿಸಿದ. ಮೋಟಾರು ತಿರುಗಿತು. ಖರ್ಚು ಕೆಲವು ನೂರು ರೂಪಾಯಿ ಅಷ್ಟೆ. ನನ್ನಾಕೆಯ ಪಕ್ಷ ಗೆದ್ದಂತೆ ಆಯಿತು. ಆದರೆ ನನ್ನ ಹಾಳೆಯಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು.

ಅಮೆರಿಕದ ಸಿ. ಜಿ. ಜಾನ್ಸನ್ ಎಂಬುವರು 1921ರಲ್ಲಿ ಮೇಲಕ್ಕೆ ಏಳುವ ಗ್ಯಾರೇಜ್ ಬಾಗಿಲನ್ನೂ 1926ರಲ್ಲಿ ಅದನ್ನು ಎತ್ತುವ ವಿದ್ಯುತ್ ಯಂತ್ರವನ್ನೂ ತಯಾರಿಸಿದರು. ಆ ದೇಶದಲ್ಲಿ ಈ ಯಂತ್ರ ಮನೆಮನೆಗೂ ಬಂದ ಮೇಲೆ, ಇಳಿಯುವ ಬಾಗಿಲಿನ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಪ್ರಕರಣಗಳು ನಡೆದವು. ಯಂತ್ರಕ್ಕೆ ಕೆಳಗಿರುವುದು ನೆಲವೋ ಮಗುವೋ ಗೊತ್ತಾಗುವುದಿಲ್ಲವಲ್ಲ. ಅದಕ್ಕೇ ಅಲ್ಲಿನ ಸರ್ಕಾರ, 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಯಂತ್ರಗಳಲ್ಲಿ ಎರಡನೆಯ ರಕ್ಷಣೆಯೂ ಇರಬೇಕೆಂದು ಕಾನೂನು ಮಾಡಿತು. ಏನಾದರೂ ತಗುಲಿದ ಕೂಡಲೇ ಬಾಗಿಲು ವಾಪಸ್ ಏಳುವುದು ಮೊದಲನೆಯದು. ತಗುಲುವುದಕ್ಕೆ ಮೊದಲೇ ಬೆಳಕಿನ ಕಿರಣದಿಂದ ಅಡ್ಡಿಯನ್ನು ಕಂಡುಹಿಡಿಯುವ ಸೆನ್ಸರ್ ಎರಡನೆಯದು. ಈ ಕಣ್ಣನ್ನು ನೆಲದಿಂದ ಆರು ಅಂಗುಲಕ್ಕಿಂತ ಮೇಲೆ ಕೂರಿಸಬಾರದು. ಅಂಬೆಗಾಲಿಡುವ ಕೂಸೂ ಅದಕ್ಕೆ ಕಾಣಬೇಕು.

ನಮ್ಮ ಶಟರ್‌ಗೆ ಸೆನ್ಸರ್ ಕಣ್ಣು ಇರಲಿಲ್ಲ. ತಗುಲಿದರೆ ಏಳುತ್ತದೆಯೇ ಎಂದು ನೋಡಲು ಒಂದೂವರೆ ಅಂಗುಲ ದಪ್ಪದ ಮರದ ತುಂಡನ್ನು ಶಟರ್ ಕೆಳಗೆ ಮಲಗಿಸಿ, ದೂರ ನಿಂತು ರಿಮೋಟ್ ಒತ್ತಿದೆವು. ಶಟರ್ ಇಳಿಯಿತು, ಮರಕ್ಕೆ ತಗುಲಿತು. ಏಳಲಿಲ್ಲ. ಒತ್ತುತ್ತಲೇ ಇತ್ತು. ಮಗ ಮೇನ್ ಸ್ವಿಚ್ ಆರಿಸಿದ. ಮರ ತೆಗೆದು ನೋಡಿದರೆ ಅದರ ಮೇಲೆ ಅಡ್ಡಕ್ಕೆ ಒಂದು ಗೆರೆ ಬಿದ್ದಿತ್ತು. ನನ್ನಾಕೆ ಅದನ್ನು ಕೈಯಲ್ಲಿ ಹಿಡಿದು ನೋಡಿದಳು, ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಕ್ಕಳನ್ನು ನೋಡಿದಳು. “ಬದಲಾಯಿಸಿಬಿಡಿ ಕಣ್ರೀ” ಎಂದಳು. ರಜೆಗೆ ಬಂದ ಮಕ್ಕಳು ಶಟರ್ ಇಳಿಯುವಾಗ ಕೆಳಗೆ ನುಸುಳಿ ಓಡುವ ಆಟ ಆಡುವುದು ಅವಳಿಗೂ ಗೊತ್ತು, ನನಗೂ ಗೊತ್ತು.

ಹಳೆಯ ಮೋಟಾರಿಗೇ ಸೆನ್ಸರ್ ಕೂರಿಸಬಹುದೇ ಎಂದು ಕೇಳಿದೆ. ಆ ಬೋರ್ಡಿನಲ್ಲಿ ಅದರ ತಂತಿ ಸೇರಿಸಲು ಜಾಗವೇ ಇಲ್ಲ ಎಂದರು. ಹಾಗಾದರೆ ಇಡೀ ಶಟರ್ ಬದಲಾಗಬೇಕೇ? ಬೇಕಿಲ್ಲ. ತಗಡು, ಎರಡು ಬದಿಯ ಕಂಬಿ, ಕೊಳವೆ ಎಲ್ಲಾ ಚೆನ್ನಾಗಿದ್ದವು. ಸ್ಪ್ರಿಂಗ್ ಬಿಗಿ ಮಾಡಿಸಿ, ಮೋಟಾರು ಮತ್ತು ಬೋರ್ಡ್ ಮಾತ್ರ ಹೊಸದು ಹಾಕಿಸಿ, ಕೆಳಗೆ ಸೆನ್ಸರ್ ಕೂರಿಸಿದೆವು. ಕರೆಂಟು ಹೋದಾಗ ಕೈಯಿಂದ ಎತ್ತಲು ಸರಪಳಿ ಇದೆಯೇ ಎಂದೂ ನೋಡಿಕೊಂಡೆ. ನಮ್ಮ ಕಡೆ ಅದಿಲ್ಲದಿದ್ದರೆ ಮಳೆಗಾಲದ ರಾತ್ರಿ ಕಾರು ಒಳಗೇ ಉಳಿಯುತ್ತದೆ.

ತೋಟದ ಮರವಾದರೆ ಹಳೆಯದರ ಪಕ್ಕ ಸಸಿ ನೆಟ್ಟು, ಅದು ಫಲಕ್ಕೆ ಬಂದ ಮೇಲೆ ಹಳೆಯದನ್ನು ಕಡಿಯಬಹುದು. ಯಂತ್ರಕ್ಕೆ ಆ ಸೌಕರ್ಯವಿಲ್ಲ. ಆದ್ದರಿಂದ ನಿಮ್ಮ ಮನೆಯಲ್ಲಿ ಇಂಥ ಬಾಗಿಲಿದ್ದರೆ ಈ ಭಾನುವಾರವೇ ಅಪ್ಪನಿಗೋ ತಾತನಿಗೋ ಮರದ ತುಂಡಿನ ಪರೀಕ್ಷೆ ಮಾಡಲು ಹೇಳಿ. ನೀವು ದೂರ ನಿಂತು ನೋಡಿ, ಹತ್ತಿರ ಹೋಗಬೇಡಿ. ಬಾಗಿಲು ವಾಪಸ್ ಎದ್ದರೆ ತಿಂಗಳಿಗೊಮ್ಮೆ ಇದೇ ಪರೀಕ್ಷೆ ಸಾಕು. ಏಳದಿದ್ದರೆ ಸರಿಪಡಿಸುವವರೆಗೆ ಆ ಬಾಗಿಲನ್ನು ಮೋಟಾರಿನಿಂದ ಇಳಿಸಬೇಡಿ ಎಂದು ಹೇಳಿ. ರಿಮೋಟ್ ಆಟದ ಸಾಮಾನಲ್ಲ, ಅದು ಚಿಕ್ಕವರ ಕೈಗೆ ಸಿಗದ ಎತ್ತರದ ಮೊಳೆಯಲ್ಲಿರಲಿ. ನಮ್ಮ ಮನೆಯಲ್ಲಿ ಈಗ ಅದು ಕ್ಯಾಲೆಂಡರಿನ ಪಕ್ಕ ತೂಗುತ್ತಿದೆ. ಹಳೆಯ ಮೋಟಾರನ್ನು ಗುಜರಿಗೆ ಹಾಕಿದಾಗ ಬಂದ ಹಣವನ್ನು ಮೊಮ್ಮಗ ತಾನೇ ಎಣಿಸಿ, ನನ್ನ ಹಾಳೆಯ ಜಮಾ ಕಡೆ ಬರೆದ.