ಅಭಿಮಾನ ಆರಿಲ್ಲ, ಲೆಕ್ಕ ಕೇಳುತ್ತಿದೆ

ನಾಗಪುರದಲ್ಲಿ ನಾಲ್ಕು ಜನ ಕನ್ನಡಿಗರು ಸೇರಿ ಮಾತು ಆಟದ ಕಡೆಗೆ ಹೊರಳಿತೆಂದರೆ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ. ಬೆಂಗಳೂರು ಎಫ್‌ಸಿಗಾಗಿ ಹತ್ತು ವರ್ಷಗಳ ಹಿಂದೆ ಗಂಟಲು ಹರಿದುಕೊಳ್ಳುತ್ತಿದ್ದವರು ಈಗ ಎಲ್ಲಿ ಹೋದರು? ಗೆಲ್ಲುವಾಗ ಜೊತೆಗಿದ್ದರು, ಸೋಲು ಶುರುವಾದ ಮೇಲೆ ಸದ್ದಿಲ್ಲದೆ ಜಾರಿಕೊಂಡರು. ಮದುವೆ, ಮಕ್ಕಳು, ಮನೆಸಾಲ ಬಂದ ಮೇಲೆ ಹುಚ್ಚು ಇಳಿಯಿತು. ಫುಟ್‌ಬಾಲ್ ಅಭಿಮಾನವೆಂಬುದು ಮೀಸೆ ಮೂಡುವ ವಯಸ್ಸಿನ ಜ್ವರ, ಬಂದಂತೆಯೇ ಹೋಗುತ್ತದೆ. ಆಕ್ಷೇಪದ ಸಾರ ಇಷ್ಟು. ಈ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಇದು ಅಭಿಮಾನಿಗೆ ಮಾಡುವ ಅನ್ಯಾಯ ಮಾತ್ರವಾಗಿದ್ದರೆ ಸುಮ್ಮನಿರಬಹುದಿತ್ತು. ಅಭಿಮಾನಿಯನ್ನು ಬರಿಯ ಗಿರಾಕಿಯಾಗಿಯೇ ಉಳಿಸಿಕೊಳ್ಳಬಯಸುವವರಿಗೆ ಈ ಮಾತು ಬಹಳ ಅನುಕೂಲಕರವಾಗಿದೆ, ಆದ್ದರಿಂದ ಉತ್ತರಿಸಬೇಕಾಗಿದೆ.

ನಾವೆಂದರೆ, ಕೋರಾಡಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವಷ್ಟು ದೂರದಲ್ಲಿ ಕೇಂದ್ರ ಸರಕಾರದ ನೌಕರಿ ಮಾಡಿಕೊಂಡಿರುವ ಕೆಲವು ಕನ್ನಡಿಗರು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಉಷ್ಣ ಸಂಶೋಧನಾ ಕೇಂದ್ರ ಇಲ್ಲಿರುವುದರಿಂದ ಆ ಊರಿಗೂ ಈ ಊರಿಗೂ ನಂಟು ಹೊಸದಲ್ಲ. ಕಂಠೀರವ ಕ್ರೀಡಾಂಗಣ ಇಲ್ಲಿಂದ ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದೆ. ಪಂದ್ಯವನ್ನು ನೋಡುವುದು ಮೊಬೈಲಿನಲ್ಲಿ, ಅದೂ ಕೆಲಸದ ಪಾಳಿ ಒಪ್ಪಿದರೆ. ದೂರವಿರುವವರಿಗೆ ಒಂದು ಸೌಲಭ್ಯವಿದೆ: ಗದ್ದಲದ ನಡುವೆ ಕೇಳಿಸದೆ ಹೋಗುವುದು ಅವರಿಗೆ ಕೇಳಿಸುತ್ತದೆ.

ಮೊದಲಿಗೆ, ಬೆಂಗಳೂರಿನ ಕಾಲ್ಚೆಂಡಾಟದ ಅಭಿಮಾನ 2013ರಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ನೆನಪಿಡಬೇಕು. ಬ್ರಿಟಿಷ್ ಸೇನಾ ತಂಡಗಳೇ ಗೆಲ್ಲುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಅದೇ ತಂಡ ಮತ್ತೆ ಗೆದ್ದಿತು. ಮೈಸೂರು ರಾಜ್ಯದ ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತ್ತು. ಹಲಸೂರಿನ ಬಳಿಯ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆಯಿದೆ. ಆಮೇಲೆ ಬಂದದ್ದು ಸಾರ್ವಜನಿಕ ಉದ್ದಿಮೆಗಳ ಕಾಲ: ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ ತಂಡಗಳ ಕಾಲ. ಪಾಳಿ ಮುಗಿಸಿ ಅಶೋಕನಗರದ ಮೈದಾನಕ್ಕೆ ಹೋದ ಕಾರ್ಮಿಕನಿಗೆ ಅಲ್ಲಿ ಕಾಣುತ್ತಿದ್ದವನು ತನ್ನ ಕಾರ್ಖಾನೆಯ ನೌಕರ, ಒಂದೇ ಕ್ಯಾಂಟೀನಿನಲ್ಲಿ ಉಣ್ಣುವವನು. ಆಟಗಾರ ಗೋಲು ತಪ್ಪಿಸಿದರೆ ಮರುದಿನ ಗೇಟಿನಲ್ಲೇ ನಿಲ್ಲಿಸಿ ಕೇಳಬಹುದಿತ್ತು. ಕೇಳುವ ಆ ಸಲಿಗೆಯೇ ಅಭಿಮಾನದ ಬೇರು. ಕ್ರೀಡಾ ಕೋಟಾದ ನೇಮಕಾತಿ ಸೊರಗಿದಂತೆ ಆ ಬೇರೂ ಒಣಗಿತು. 2011–12ರ ಋತುವಿನ ಕೊನೆಯಲ್ಲಿ ಎಚ್‌ಎಎಲ್ ಐ-ಲೀಗಿನಿಂದ ಹಿಂಬಡ್ತಿ ಪಡೆದಾಗ ಊರು ಅದನ್ನು ಗಮನಿಸಿದ ಹಾಗೆಯೂ ಕಾಣಲಿಲ್ಲ. ಅಂದು ಜನ ತಣ್ಣಗಾಗಿದ್ದರೆಂದು ಹೇಳುವುದು ಸುಲಭ. ಅವರನ್ನು ತಂಡಕ್ಕೆ ಕಟ್ಟಿದ್ದ ಹಗ್ಗವನ್ನು ಅದಾಗಲೇ ಯಾರೋ ಕತ್ತರಿಸಿದ್ದರೆಂಬುದು ಹೆಚ್ಚು ನಿಜ.

ಆ ಬಯಲಿನಲ್ಲಿ ಬಂದದ್ದು ಬೆಂಗಳೂರು ಎಫ್‌ಸಿ. 2013ರ ಸೆಪ್ಟೆಂಬರ್ 22ರಂದು ಮೋಹನ್ ಬಗಾನ್ ವಿರುದ್ಧ 1–1ರ ಡ್ರಾದೊಂದಿಗೆ ಅದರ ಬದುಕು ಶುರುವಾಯಿತು. ಮೊದಲ ಋತುವಿನಲ್ಲೇ ಐ-ಲೀಗ್ ಪ್ರಶಸ್ತಿ, 2016ರಲ್ಲಿ ಇನ್ನೊಮ್ಮೆ. ಅದೇ ವರ್ಷ ನವೆಂಬರಿನಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ಪಿನ ಫೈನಲ್. ಅಲ್ಲಿಗೆ ತಲುಪಿದ ಮೊದಲ ಭಾರತೀಯ ಕ್ಲಬ್ಬು ಇದು. 2019ರ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗಿನ ಕಿರೀಟ. ಪಶ್ಚಿಮ ದಿಕ್ಕಿನ ಮೆಟ್ಟಿಲುಗಳಲ್ಲಿ ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಿದ್ದ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಬಳಗವನ್ನು ದೇಶವೇ ಗುರುತಿಸಿತು. ಇಷ್ಟು ಬೇಗ ಇಷ್ಟು ಗೆಲುವು ಕಂಡ ಅಭಿಮಾನ ಕೂಗದೆ ಇನ್ನೇನು ಮಾಡೀತು? ಅದು ಅಭಿಮಾನದ ಮೊದಲ ಪ್ರಾಯ. ಅದಕ್ಕೆ ಅದರದೇ ಚೆಲುವಿದೆ. ಅದನ್ನು ಹೀಗಳೆಯುವವರು ನಾವಲ್ಲ.

ಮುಂದಿನ ಪ್ರಾಯ ಬರುವುದು ಸೋಲಿನೊಂದಿಗೆ, ವಯಸ್ಸಿನೊಂದಿಗೆ, ವರ್ಗಾವಣೆಯೊಂದಿಗೆ. 2013ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದವನು ಇಂದು ನಲವತ್ತರ ಹೊಸ್ತಿಲಲ್ಲಿದ್ದಾನೆ. ಅವನು ಪಂದ್ಯದ ಅಂಕವನ್ನಷ್ಟೇ ನೋಡುವುದಿಲ್ಲ. ಕಿರಿಯರ ತಂಡದಿಂದ ಯಾರು ಮೇಲೆ ಬಂದರು, ತರಬೇತುದಾರನನ್ನು ಯಾಕೆ ಬದಲಾಯಿಸಿದರು, ಲೀಗಿನ ಒಪ್ಪಂದ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಾನೆ. ಸಾಹಿತ್ಯದ ವಿದ್ಯಾರ್ಥಿಗಳು ನಿಕ್ ಹಾರ್ನ್‌ಬಿಯ 'ಫೀವರ್ ಪಿಚ್' ಬಲ್ಲರು. ಆರ್ಸೆನಲ್ ಅಭಿಮಾನಿಯೊಬ್ಬನು ತನ್ನ ಬಾಳಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಪಂದ್ಯಗಳ ದಿನಾಂಕ ಹಿಡಿದು ಬರೆದ ಆ ಕೃತಿ ಬಂದದ್ದು 1992ರಲ್ಲಿ. ಹುಡುಗ ಗಂಡಸಾಗುವ ದಾರಿಯಲ್ಲಿ ಮೋಹ ಹೇಗೆ ರೂಪ ಬದಲಿಸುತ್ತದೆಂಬುದನ್ನು ಅದು ಒಬ್ಬನ ಒಳಗಿನಿಂದ ತೋರಿಸುತ್ತದೆ. ನಮ್ಮ ವಾದ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ರೂಪ ಬದಲಾದ ಅಭಿಮಾನಕ್ಕೆ ಕ್ಲಬ್ಬಿನೊಳಗೆ ಒಂದು ಜಾಗ ಬೇಕು. ನಮ್ಮ ದೇಶದಲ್ಲಿ ಆ ಜಾಗವಿಲ್ಲ. ಹಾಡುವವನಿಗೆ ಮೆಟ್ಟಿಲುಂಟು, ಕೊಳ್ಳುವವನಿಗೆ ಅಂಗಡಿಯುಂಟು. ಕೇಳುವವನಿಗೆ ಒಂದು ಮಣೆಯೂ ಇಲ್ಲ. ಕೂರಲು ಜಾಗವಿಲ್ಲದ ಮನೆಯಿಂದ ನೆಂಟ ಎದ್ದು ಹೋದರೆ ಅವನಿಗೆ ಪ್ರೀತಿಯಿಲ್ಲವೆಂದು ದೂರುವುದು ಯಾವ ನ್ಯಾಯ?

ಕೇಳುವ ಅಭಿಮಾನದ ಬಲವನ್ನು ಅರಿಯಬೇಕಾದರೆ ಕೋಲ್ಕತಾದ ಕಡೆ ನೋಡಬೇಕು. 1889ರಲ್ಲಿ ಸ್ಥಾಪನೆಯಾದ ಮೋಹನ್ ಬಗಾನಿನ ಫುಟ್‌ಬಾಲ್ ತಂಡ 2020ರಲ್ಲಿ ಎಟಿಕೆಯೊಡನೆ ಸೇರಿ 'ಎಟಿಕೆ ಮೋಹನ್ ಬಗಾನ್' ಆಯಿತು. ಮುಂದೆ ಅಂಟಿಕೊಂಡ ಆ ಮೂರಕ್ಷರವನ್ನು ತೆಗೆಯಿರೆಂದು ಅಭಿಮಾನಿಗಳು ಬೀದಿಗಿಳಿದರು. ತಂಡ ಗೆಲ್ಲುತ್ತಿದ್ದಾಗಲೂ ಪಟ್ಟು ಬಿಡಲಿಲ್ಲ. 2023ರ ಮಾರ್ಚ್ 18ರ ರಾತ್ರಿ ಗೋವಾದ ಫತೋರ್ಡಾದಲ್ಲಿ ಆ ತಂಡ ನಮ್ಮ ಬೆಂಗಳೂರನ್ನೇ ಪೆನಾಲ್ಟಿಗಳಲ್ಲಿ ಸೋಲಿಸಿ ಲೀಗ್ ಗೆದ್ದಿತು. ಅದೇ ರಾತ್ರಿ, ಮುಂದಿನ ಋತುವಿನಿಂದ ಎಟಿಕೆ ಎಂಬ ಹೆಸರು ಇರುವುದಿಲ್ಲವೆಂದು ಮಾಲೀಕರು ಘೋಷಿಸಿದರು. ಅಂದು ನಾವು ಸೋತದ್ದು ಒಂದು ಕಪ್ಪನ್ನು. ಅವರಿಗೆ ಕಪ್ಪೂ ಸಿಕ್ಕಿತು, ಹೆಸರೂ ಮರಳಿತು. ಮರುವರ್ಷ, 2024ರ ಆಗಸ್ಟ್ 18ರಂದು, ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಹತ್ಯೆಯ ಹಿನ್ನೆಲೆಯಲ್ಲಿ ಡುರಾಂಡ್ ಕಪ್ಪಿನ ಡರ್ಬಿ ರದ್ದಾದಾಗ, ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮಡನ್ ಅಭಿಮಾನಿಗಳು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತು ನ್ಯಾಯ ಕೇಳಿದರು. ನೂರು ವರ್ಷದ ವೈರಿಗಳು ಒಂದೇ ಘೋಷಣೆಗೆ ಕೊರಳು ಕೊಟ್ಟರು. ಅಭಿಮಾನ ಹಳತಾದರೆ ಸತ್ತುಹೋಗುತ್ತದೆನ್ನುವವರು ಈ ದಿನವನ್ನು ಹೇಗೆ ವಿವರಿಸುತ್ತಾರೆ?

ಇದಕ್ಕೊಂದು ಪ್ರತಿವಾದವಿದೆ, ಅದು ಹಗುರವಾದದ್ದೂ ಅಲ್ಲ. ಕ್ಲಬ್ಬು ನಡೆಯುವುದು ಮಾಲೀಕನ ಹಣದಿಂದ. ಭಾರತದಲ್ಲಿ ಫುಟ್‌ಬಾಲ್ ತಂಡ ನಡೆಸಿ ಲಾಭ ಕಂಡವರು ವಿರಳ. ನಷ್ಟ ಹೊರುವವನು ಒಬ್ಬ, ಪ್ರಶ್ನೆ ಕೇಳುವವನು ಇನ್ನೊಬ್ಬ ಆದರೆ ಹೇಗೆ? ಜೆಎಸ್‌ಡಬ್ಲ್ಯುವಿನ ಬಂಡವಾಳವಿಲ್ಲದಿದ್ದರೆ ಬೆಂಗಳೂರಿಗೆ ಈ ತಂಡವೇ ಇರುತ್ತಿರಲಿಲ್ಲ ಎಂಬುದು ದಿಟ. ಆ ಋಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಊರಿನ ಹೆಸರು ಯಾವ ಮಾಲೀಕನೂ ಕೊಂಡ ಸರಕಲ್ಲ. ಆ ಹೆಸರಿನ ಬಲದಿಂದಲೇ ಟಿಕೆಟ್ಟು ಮಾರುತ್ತದೆ, ಜೆರ್ಸಿ ಮಾರುತ್ತದೆ, ಕೋರಾಡಿಯಲ್ಲಿ ಕುಳಿತವನು ರಾತ್ರಿ ಹತ್ತರವರೆಗೆ ಎಚ್ಚರವಿರುತ್ತಾನೆ. ಹೆಸರಿನ ಪಾಲು ಊರಿನದಾದರೆ ಊರಿನವರಿಗೆ ಒಂದು ಮಾತಿನ ಹಕ್ಕಾದರೂ ಬೇಡವೇ?

ಹಕ್ಕಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಕಂಡಿದ್ದೇವೆ. 2019ರಲ್ಲಿ ಡೆಲ್ಲಿ ಡೈನಮೋಸ್ ಗಂಟುಮೂಟೆ ಕಟ್ಟಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಎನಿಸಿಕೊಂಡಿತು. ಅದೇ ವರ್ಷ ನಾವಿರುವ ಈ ಮಹಾರಾಷ್ಟ್ರದ ಎಫ್‌ಸಿ ಪುಣೆ ಸಿಟಿ ಇಲ್ಲವಾಗಿ, ಲೀಗಿನಲ್ಲಿ ಅದರ ಸ್ಥಾನಕ್ಕೆ ಹೈದರಾಬಾದಿನ ತಂಡ ಬಂತು. ವರ್ಗಾವಣೆಯ ಆದೇಶವನ್ನು ನಾವು ಸರಕಾರಿ ನೌಕರರು ಬಲ್ಲೆವು. ನಮಗೆ ಕನಿಷ್ಠ ಒಂದು ಮನವಿ ಸಲ್ಲಿಸುವ ಅವಕಾಶವಾದರೂ ಇದೆ. ಪುಣೆಯ ಅಭಿಮಾನಿಗೆ ಅಷ್ಟೂ ಇರಲಿಲ್ಲ. 2025ರ ಆಗಸ್ಟ್ ತಿಂಗಳಲ್ಲಿ, ಲೀಗಿನ ಭವಿಷ್ಯವೇ ತೂಗುಯ್ಯಾಲೆಯಲ್ಲಿದ್ದಾಗ, ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು ಲೀಗಿನ ವಾಣಿಜ್ಯ ಪಾಲುದಾರರೊಡನೆ 2010ರಲ್ಲಿ ಮಾಡಿಕೊಂಡ ಹದಿನೈದು ವರ್ಷಗಳ ಒಪ್ಪಂದ ಮುಗಿಯುತ್ತ ಬಂದಿತ್ತು, ಮುಂದಿನದು ಸಿದ್ಧವಿರಲಿಲ್ಲ. ಕ್ಲಬ್ಬಿಗೆ ಆಗ ಬೇರೆ ದಾರಿಯಿತ್ತೋ ಇಲ್ಲವೋ ಎಂಬ ಚರ್ಚೆ ಬೇರೆ. ಹನ್ನೆರಡು ವರ್ಷ ಜೊತೆ ನಡೆದ ಅಭಿಮಾನಿಗೆ ಇದು ತಿಳಿದದ್ದು ದಾರಿಹೋಕನಿಗೆ ತಿಳಿದ ಹಾಗೆಯೇ, ಸುದ್ದಿಯಾಗಿ.

ಜರ್ಮನಿಯಲ್ಲಿ 1998ರಿಂದ ಒಂದು ನಿಯಮವಿದೆ. ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಕ್ಲಬ್ಬಿನ ಮತಾಧಿಕಾರದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ಹೂಡಿಕೆದಾರ ಹಣ ಹಾಕಬಹುದು, ಯಜಮಾನಿಕೆ ಮಾಡುವಂತಿಲ್ಲ. 2024ರ ಆರಂಭದಲ್ಲಿ ಲೀಗಿನ ಮಾಧ್ಯಮ ಆದಾಯದ ಒಂದು ಭಾಗವನ್ನು ಹೂಡಿಕೆದಾರನಿಗೆ ಬಿಟ್ಟುಕೊಡುವ ಯೋಜನೆ ಬಂದಾಗ, ಅಭಿಮಾನಿಗಳು ಟೆನಿಸ್ ಚೆಂಡುಗಳನ್ನು ಮೈದಾನಕ್ಕೆ ಎಸೆದು ಪಂದ್ಯಗಳನ್ನು ನಿಲ್ಲಿಸಿದರು. ಫೆಬ್ರವರಿಯಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಅವರ ಪದ್ಧತಿಯನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಡಲಾಗದು, ಒಪ್ಪುತ್ತೇವೆ. ಅಭಿಮಾನಿಗೆ ಮತವಿದ್ದರೆ ಆಟ ಹಾಳಾಗುತ್ತದೆಂಬ ಭಯ ಹುಸಿಯೆಂಬುದನ್ನಾದರೂ ಅಲ್ಲಿಂದ ಕಲಿಯಬಹುದು.

ಕ್ರಿಕೆಟ್ಟಿನ ಮಾತು ಇಲ್ಲಿ ಬಾರದೆ ಇರಲಾಗದು. 2025ರ ಜೂನ್ 3ರಂದು ಹದಿನೆಂಟನೆಯ ಪ್ರಯತ್ನದಲ್ಲಿ ಆರ್‌ಸಿಬಿ ಐಪಿಎಲ್ ಕಪ್ಪನ್ನು ಗೆದ್ದಾಗ ಹೊರನಾಡ ಕನ್ನಡಿಗರ ಮನೆಗಳಲ್ಲೂ ಹಬ್ಬವಾಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅವರೆಲ್ಲ ಅಭಿಮಾನದ ಮೊದಲ ಪ್ರಾಯದಲ್ಲಿದ್ದವರೋ ಎರಡನೆಯದರಲ್ಲಿದ್ದವರೋ ಎಂದು ಯಾರೂ ಕೇಳಲಿಲ್ಲ. ಗುಂಪಿಗೆ ಪ್ರಾಯವಿಲ್ಲ, ಹೆಸರಿಲ್ಲ, ಸದಸ್ಯತ್ವದ ಸಂಖ್ಯೆಯಿಲ್ಲ. ಅಭಿಮಾನಿಯನ್ನು ಗುಂಪೆಂದು ಮಾತ್ರ ಎಣಿಸುವ ವ್ಯವಸ್ಥೆಗೆ ಅವನನ್ನು ಕಾಯುವ ಅಭ್ಯಾಸವೂ ಇರುವುದಿಲ್ಲ. ನಮ್ಮ ಒತ್ತಾಯ ಬರಿಯ ಮಾನಮರ್ಯಾದೆಯ ಪ್ರಶ್ನೆಯಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾಗಾದರೆ ಕೇಳಬೇಕಾದದ್ದೇನು? ಕ್ಲಬ್ಬಿಗೊಂದು ಸದಸ್ಯರ ಪಟ್ಟಿ ಇರಲಿ. ಊರಲ್ಲಿರುವವರಿಗೂ ಊರು ಬಿಟ್ಟವರಿಗೂ ಅದರಲ್ಲಿ ಸಮಾನ ಸ್ಥಾನವಿರಲಿ. ವರ್ಷಕ್ಕೊಮ್ಮೆ ಸಭೆ ಕರೆದು, ಹಣಕಾಸು ಎಲ್ಲಿಗೆ ಬಂತು, ಕಿರಿಯರ ತರಬೇತಿಗೆ ಎಷ್ಟು ಹೋಯಿತು ಎಂಬುದನ್ನು ಕನ್ನಡದಲ್ಲಿಯೂ ತಿಳಿಸಲಿ. ಹೆಸರು, ಬಣ್ಣ, ಊರು, ಮೈದಾನ, ಈ ನಾಲ್ಕರಲ್ಲಿ ಯಾವುದನ್ನು ಬದಲಿಸುವುದಿದ್ದರೂ ಸದಸ್ಯರ ಒಪ್ಪಿಗೆ ಬೇಕೆಂಬ ಒಂದು ಸಾಲು ನಿಯಮಾವಳಿಯಲ್ಲಿ ಸೇರಲಿ. ಇದರಿಂದ ಮಾಲೀಕನ ಬೊಕ್ಕಸಕ್ಕೆ ಬೀಳುವ ಹೊರೆ ಅತ್ಯಲ್ಪ.

ಹೊರನಾಡಿನ ನಮಗೂ ಒಂದು ಕೆಲಸವಿದೆ. 2023ರ ಮಾರ್ಚ್ 4ರಂದು ಕರ್ನಾಟಕ ತಂಡ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಎರಡೇ ವಾರಗಳ ನಂತರದ ಫತೋರ್ಡಾ ಸೋಲಿಗೆ ಹರಿದ ಮಾತಿನ ಹತ್ತರಲ್ಲೊಂದು ಪಾಲೂ ಈ ಗೆಲುವಿಗೆ ಸಿಗಲಿಲ್ಲ. ಜಾಹೀರಾತು ತೋರಿಸಿದ ಕಡೆಗೆ ಮಾತ್ರ ತಿರುಗುವ ಕಣ್ಣು ಪ್ರಶ್ನೆ ಕೇಳುವ ಕಣ್ಣಾಗಲಾರದು. ಹಾಗೆಯೇ, ಬೆಂಗಳೂರಿನ ತಂಡವನ್ನು ಪ್ರೀತಿಸುವವರು ಇರುವ ಊರಿನ ಆಟಕ್ಕೆ ಬೆನ್ನು ತಿರುಗಿಸಬೇಕಾಗಿಲ್ಲ. ಕೋರಾಡಿಗೆ ಸಮೀಪದ ಕಾಮಠಿ ದಂಡುಪ್ರದೇಶಕ್ಕೆ ಫುಟ್‌ಬಾಲ್ ಹಳೆಯ ನೆಂಟ. ಅಲ್ಲಿನ ರಬ್ಬಾನಿ ಕ್ಲಬ್ಬಿನ ಹೆಸರು ನಾಗಪುರದ ಆಟಗಾರರೆಲ್ಲರ ಬಾಯಲ್ಲಿದೆ. ಮಳೆಯಲ್ಲಿ ಒಡೆದ ಬಕೆಟ್ಟನ್ನು ಒದೆಯುತ್ತಿದ್ದ ಕೊಳೆಗೇರಿಯ ಹುಡುಗರನ್ನು ಕಂಡು ವಿಜಯ್ ಬಾರ್ಸೆ ಅವರು 2001ರಲ್ಲಿ 'ಸ್ಲಂ ಸಾಕರ್' ಕಟ್ಟಿದ್ದು ಇದೇ ನಾಗಪುರದಲ್ಲಿ. ಟಿಕೆಟ್ಟಿಲ್ಲದ ಆ ಮೈದಾನಗಳ ಅಂಚಿನಲ್ಲಿ ನಿಂತವರಿಗೆ, ಆಟಗಾರನನ್ನು ಹೆಸರು ಹಿಡಿದು ಕರೆದು ಕೇಳುವ ಸಲಿಗೆ ಎಂಥದೆಂಬುದು ಇಂದಿಗೂ ತಿಳಿಯುತ್ತದೆ.

ಸ್ಥಾವರದ ಪಕ್ಕದಲ್ಲಿ ಬದುಕುವವರಿಗೆ ಒಂದು ವಿಷಯ ಗೊತ್ತು. ಬಾಯ್ಲರಿನ ಬೆಂಕಿ ಹೊರಗಿನವರಿಗೆ ಕಾಣಿಸುವುದಿಲ್ಲ. ದೀಪ ಹತ್ತಿದ ಊರಿನಲ್ಲಿ ಅದು ಇದೆಯೆಂದು ತಿಳಿಯುತ್ತದೆ. ಕೂಗು ಕಡಿಮೆಯಾದ ಅಭಿಮಾನಿಯನ್ನು ಕಂಡು ಅವನ ಒಲೆ ಆರಿತೆನ್ನುವವರು ಅವನ ಪ್ರಶ್ನೆಗಳಿಗೆ ಮೊದಲು ಉತ್ತರ ಕೊಡಲಿ. ಅವನು ಇನ್ನೂ ಕೇಳುತ್ತಿದ್ದಾನೆ. ಕೇಳುವುದನ್ನು ನಿಲ್ಲಿಸಿದ ದಿನ ಕ್ಲಬ್ಬುಗಳು ನಿಜವಾಗಿ ಅಂಜಬೇಕು.